24.8ರಿಂದ 7.4ಕ್ಕೆ: ಡೆಬಿಯನ್‌ನಲ್ಲಿ ಲಿಬ್ರೆಆಫೀಸನ್ನು ಹಳೆ ಆವೃತ್ತಿಗೆ ಇಳಿಸಿದ ಕೆಲಸದ ದಾಖಲೆ

ತಿಪಟೂರಿನಲ್ಲಿ ನಮಗೆ ಪರಿಚಯದ ಅಕ್ಕ ಒಬ್ಬರು ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಪ್ರಾಜೆಕ್ಟ್ ರಿಪೋರ್ಟು, ವರ್ಷಕ್ಕೆ ಒಂದೆರಡು ಪುಸ್ತಕ. ಪುಸ್ತಕದ ಕೆಲಸಕ್ಕೆ ಅಂತ ಇರುವ ಕಂಪ್ಯೂಟರ್‌ನಲ್ಲಿ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ), ಗ್ನೋಮ್ ಡೆಸ್ಕ್‌ಟಾಪ್. ಪುಸ್ತಕ ಜೋಡಿಸುವುದು ಲಿಬ್ರೆಆಫೀಸ್ ಅನ್ನುವ ಉಚಿತ ಆಫೀಸ್ ತಂತ್ರಾಂಶದ ರೈಟರ್‌ನಲ್ಲಿ. 8 ಜಿಬಿ ರ್‍ಯಾಮ್, 240 ಜಿಬಿ ಎಸ್‌ಎಸ್‌ಡಿ. ಅದನ್ನು ನೋಡಿಕೊಳ್ಳುವವನು ನಾನು.

ಈ ಸಲ ಅವರ ಕೈಯಲ್ಲಿದ್ದದ್ದು ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ. 96 ಪುಟ. ಪ್ರೂಫ್ ನೋಡಿ, ಪರಿವಿಡಿಯ ಪುಟಸಂಖ್ಯೆ ಹಾಕಿ, ಕಮಿಟಿಯವರ ಸಹಿ ಬಿದ್ದಿತ್ತು. ಕೊನೆಯ ನಾಲ್ಕೈದು ತಿದ್ದುಪಡಿ ಹಾಕೋಣ ಅಂತ ಫೈಲ್ ತೆರೆದರೆ 98 ಪುಟ ಆಗಿದೆ. ಆಫ್‌ಸೆಟ್‌ನಲ್ಲಿ 16 ಪುಟಕ್ಕೆ ಒಂದು ಫಾರಂ. 96 ಅಂದರೆ ಸರಿಯಾಗಿ 6 ಫಾರಂ. "ಒಂದು ಪುಟ ಜಾಸ್ತಿ ಆದ್ರೂ ಇನ್ನೊಂದು ಫಾರಂ ಓಡಿಸ್ಬೇಕು ಕಣಪ್ಪ, ಆ ದುಡ್ಡು ಯಾರು ಕೊಡ್ತಾರೆ" ಅಂದರು ಅಕ್ಕ.

ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ. ಕೆಲಸ ಮಾಡದೇ ಹೋದ ದಾರಿಗಳೂ ಇವೆ. ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಅವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

1. ಬದಲಾಗಿದ್ದು ಯಾವುದು ಅಂತ ಮೊದಲು ಹಿಡಿಯುವುದು

ಪುಟ ಜಾಸ್ತಿ ಆಯಿತು ಅಂದ ತಕ್ಷಣ ಲಿಬ್ರೆಆಫೀಸನ್ನೇ ಇಳಿಸಲು ಹೊರಡಬಾರದು. ಫಾಂಟ್ ಬದಲಾಗಿದ್ದರೂ ಹೀಗೇ ಆಗುತ್ತದೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಬದಲಾಗಿದ್ದರೂ ಆಗಬಹುದು. ಆದ್ದರಿಂದ ಮೊದಲು, ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳನ್ನು (ಪ್ರೋಗ್ರಾಂಗಳ ಕಟ್ಟುಗಳನ್ನು) ಹಾಕುವ, ತೆಗೆಯುವ ಆಪ್ಟ್ ಅನ್ನುವ ಉಪಕರಣದ ದಾಖಲೆ ನೋಡಿದೆ:

/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್

ಯಾವ ದಿನ, ಯಾವ ಆಜ್ಞೆ, ಯಾವ ಪ್ಯಾಕೇಜ್ ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಯಿತು ಅನ್ನುವುದೆಲ್ಲ ಇದರಲ್ಲಿ ಇರುತ್ತದೆ. ಹಿಂದಿನ ತಿಂಗಳುಗಳದ್ದು ಜಿಜಿಪ್ ಆಗಿ ಪಕ್ಕದಲ್ಲೇ ಇರುತ್ತದೆ, ಅದನ್ನು ಜಡ್‌ಕ್ಯಾಟ್‌ನಿಂದ ಓದಬಹುದು. ವಿಷಯ ಅಲ್ಲೇ ಸಿಕ್ಕಿತು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ, ಗಿರಾಕಿಯೊಬ್ಬರು ತಂದ ಡಾಕ್ಸ್ (ವರ್ಡ್) ಫೈಲ್ ಸರಿಯಾಗಿ ತೆರೆಯಲಿಲ್ಲ ಅಂತ ಬ್ಯಾಕ್‌ಪೋರ್ಟ್ಸ್‌ನಿಂದ (ಇರುವ ಡೆಬಿಯನ್‌ಗೆ ಹೊಸ ಆವೃತ್ತಿಗಳನ್ನು ಕೊಡುವ ಭಂಡಾರ) ಲಿಬ್ರೆಆಫೀಸ್ 24.8 ಹಾಕಿಕೊಂಡಿದ್ದ. ಡೆಬಿಯನ್ 12ರ ಜೊತೆ ಬರುವುದು 7.4.7. ಫಾಂಟ್ ಪ್ಯಾಕೇಜ್‌ಗಳಾದ ಲೋಹಿತ್, ಗುಬ್ಬಿ, ನವಿಲು ಇವುಗಳ ಹೆಸರು ಲಾಗ್‌ನಲ್ಲಿ ಎಲ್ಲೂ ಇರಲಿಲ್ಲ. ಹಾರ್ಫ್‌ಬಜ್ ಕೂಡ ಹಳೆಯದೇ ಇತ್ತು.

ಆದರೂ ಖಾತ್ರಿ ಬೇಕಲ್ವಾ. ನನ್ನ ಲ್ಯಾಪ್‌ಟಾಪ್‌ನಲ್ಲೂ ಡೆಬಿಯನ್ 12 ಇದೆ, ಅದರಲ್ಲಿ 7.4.7 ಇದೆ. ಅದೇ ಫೈಲ್, ಅದೇ ಫಾಂಟ್ ಇಟ್ಟುಕೊಂಡು ಎರಡೂ ಕಡೆ ಪಿಡಿಎಫ್ ಮಾಡಿದೆ:

ಸಾಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಪಿಡಿಎಫ್ ಸಂಚಿಕೆ.ಒಡಿಟಿ
ಪಿಡಿಎಫ್‌ಇನ್ಫೊ ಸಂಚಿಕೆ.ಪಿಡಿಎಫ್

ಪಿಡಿಎಫ್‌ಇನ್ಫೊ ಬರುವುದು ಪಾಪ್ಲರ್-ಯುಟಿಲ್ಸ್ ಪ್ಯಾಕೇಜ್‌ನಿಂದ, ಪುಟದ ಸಂಖ್ಯೆ ಒಂದೇ ಸಾಲಿನಲ್ಲಿ ಹೇಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ 96, ಅಂಗಡಿಯಲ್ಲಿ 98. ಮುಂದಿನ ಪ್ರತಿ ಹಂತದಲ್ಲೂ ನನಗೆ ಅಳತೆಗೋಲು ಇದೇ. ಕಣ್ಣಲ್ಲಿ ನೋಡಿ "ಸರಿ ಹೋದ ಹಾಗಿದೆ" ಅನ್ನುವುದಕ್ಕಿಂತ ಒಂದು ಅಂಕಿ ಇಟ್ಟುಕೊಂಡರೆ ಮನಸ್ಸಿಗೆ ನೆಮ್ಮದಿ.

ಎರಡು ಪಿಡಿಎಫ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕಾರಣವೂ ಕಂಡಿತು. 41ನೇ ಪುಟದಲ್ಲಿ ಒಂದು ಸಾಲಿನ ಕೊನೆಗೆ "ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು" ಅನ್ನುವ ಪದ ಇದೆ. 7.4ರಲ್ಲಿ ಅದು ಸಾಲಿನಲ್ಲೇ ಕೂತಿದೆ. 24.8ರಲ್ಲಿ ಕೂದಲೆಳೆಯಷ್ಟು ಜಾಗ ಸಾಲದೆ ಇಡೀ ಪದ ಕೆಳಗೆ ಬಿದ್ದಿದೆ. ಕನ್ನಡದ ಪದಗಳು ಉದ್ದ. ಈ ಫೈಲ್‌ನಲ್ಲಿ ಪದ ಒಡೆಯುವ ಹೈಫನ್ ಬಳಸಿಲ್ಲ. ಹಾಗಾಗಿ ಒಂದು ಪದ ಕೆಳಗೆ ಹೋದರೆ ಪ್ಯಾರಾ ಒಂದು ಸಾಲು ಬೆಳೆಯುತ್ತದೆ, ಪುಟದ ಕೊನೆಯ ಸಾಲು ಮುಂದಿನ ಪುಟಕ್ಕೆ ಹೋಗುತ್ತದೆ, ಅಲ್ಲಿದ್ದ ಫೋಟೊ ಅದರಾಚೆಗೆ ಜರುಗುತ್ತದೆ. ಇದು ಹೊಸ ಆವೃತ್ತಿಯ ದೋಷ ಅಂತ ನಾನು ಹೇಳುವುದಿಲ್ಲ. ಸಾಲಿನ ಲೆಕ್ಕ ಬೇರೆ ಆಗಿದೆ, ಅಷ್ಟೆ. ಆದರೆ ಸಹಿ ಬಿದ್ದ ಪುಸ್ತಕಕ್ಕೆ ಹಳೆ ಲೆಕ್ಕವೇ ಬೇಕು.

2. ವಾಪಸ್ ಬರುವ ದಾರಿಯನ್ನು ಮೊದಲು ಕಟ್ಟಿಕೊಳ್ಳುವುದು

ಡೆಬಿಯನ್‌ನವರು ಡೌನ್‌ಗ್ರೇಡ್‌ಗೆ ಬೆಂಬಲ ಕೊಡುವುದಿಲ್ಲ. ಪ್ಯಾಕೇಜ್ ಒಳಗಿನ ಸ್ಕ್ರಿಪ್ಟ್‌ಗಳನ್ನು ಹಳೆಯದರಿಂದ ಹೊಸದಕ್ಕೆ ಹೋಗುವುದಕ್ಕೆ ಅಂತ ಬರೆದಿರುತ್ತಾರೆ. ಹಿಂದಕ್ಕೆ ಬರುವಾಗ ಅವು ಹೇಗೆ ನಡೆದುಕೊಳ್ಳುತ್ತವೆ ಅನ್ನುವುದಕ್ಕೆ ಯಾರ ಗ್ಯಾರಂಟಿಯೂ ಇಲ್ಲ. ಹಾಗಾಗಿ ಏನನ್ನೂ ಮುಟ್ಟುವ ಮೊದಲು ಇಷ್ಟು ಮಾಡಿದೆ.

ಹೋಮ್ ಫೋಲ್ಡರ್ ಪೂರ್ತಿ ಆರ್‌ಸಿಂಕ್‌ನಿಂದ ಹೊರಗಿನ ಡಿಸ್ಕ್‌ಗೆ. /ಇಟಿಸಿ ಫೋಲ್ಡರನ್ನು ಟಾರ್ ಮಾಡಿ ಅದರ ಪಕ್ಕಕ್ಕೆ. ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಗೆ -ಎಲ್ ಕೊಟ್ಟಾಗ ಬಂದ ಪ್ಯಾಕೇಜ್ ಪಟ್ಟಿ ಒಂದು ಫೈಲ್‌ಗೆ, ಆಪ್ಟ್-ಮಾರ್ಕ್ ಶೋಮ್ಯಾನುಅಲ್ ಕೊಟ್ಟ ಪಟ್ಟಿ ಇನ್ನೊಂದಕ್ಕೆ. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯಾವುದನ್ನು ನಾವು ಬೇಕು ಅಂತ ಹಾಕಿದ್ದು, ಯಾವುದು ಜೊತೆಗೆ ತಾನಾಗೇ ಬಂದದ್ದು ಅನ್ನುವ ವ್ಯತ್ಯಾಸ ಅದರಲ್ಲಿ ಮಾತ್ರ ಇರುತ್ತದೆ.

ಆಮೇಲೆ ಈಗ ಇರುವ 24.8ರ ಡೆಬ್ ಫೈಲ್‌ಗಳು, ಅಂದರೆ ಪ್ಯಾಕೇಜ್‌ಗಳು ಬರುವ ಫೈಲ್‌ಗಳು. ಹಳೆಯದು ಸರಿಹೋಗದಿದ್ದರೆ ಇದ್ದ ಸ್ಥಿತಿಗಾದರೂ ಮರಳಬೇಕಲ್ಲ. /ವಾರ್/ಕ್ಯಾಷ್/ಆಪ್ಟ್/ಆರ್ಕೈವ್ಸ್ ನೋಡಿದರೆ ಖಾಲಿ. ಆಪ್ಟ್ ಆಜ್ಞೆ ಕೆಲಸ ಮುಗಿದ ಮೇಲೆ ಡೌನ್‌ಲೋಡ್ ಮಾಡಿದ್ದನ್ನು ಅಳಿಸಿಬಿಡುತ್ತದೆ. ಆಪ್ಟ್-ಗೆಟ್ ಬಳಸಿದರೆ ಉಳಿಸಿಕೊಳ್ಳುತ್ತದೆ. ಹಾಗಾಗಿ ಮತ್ತೆ ಡೌನ್‌ಲೋಡ್ ಮಾಡಿಕೊಂಡೆ:

ಆಪ್ಟ್-ಗೆಟ್ ಡೌನ್‌ಲೋಡ್ ಲಿಬ್ರೆಆಫೀಸ್-ಕೋರ್ ಲಿಬ್ರೆಆಫೀಸ್-ಕಾಮನ್ ಲಿಬ್ರೆಆಫೀಸ್-ರೈಟರ್ ...

ಈ ಕೆಲಸವನ್ನು ಪಿನ್ ಹಾಕುವುದಕ್ಕೆ (ಯಾವ ಆವೃತ್ತಿ ಬೇಕು ಅಂತ ಆಪ್ಟ್‌ಗೆ ಬರೆದಿಡುವುದಕ್ಕೆ, ಹಂತ 4) ಮೊದಲೇ ಮಾಡಬೇಕು. ಪಿನ್ ಹಾಕಿದ ಮೇಲೆ ಇದೇ ಆಜ್ಞೆ ಹಳೆಯದನ್ನು ತಂದುಕೊಡುತ್ತದೆ. ರೆಪೊದಲ್ಲಿ (ಪ್ಯಾಕೇಜ್‌ಗಳ ಆನ್‌ಲೈನ್ ಭಂಡಾರದಲ್ಲಿ) ಆ ಆವೃತ್ತಿ ಈಗಾಗಲೇ ಇಲ್ಲದಿದ್ದರೆ ಡಿಪಿಕೆಜಿ-ರೀಪ್ಯಾಕ್ ಅನ್ನುವ ಉಪಕರಣ ಇದೆ. ಸಿಸ್ಟಮ್‌ನಲ್ಲಿ ಇರುವುದನ್ನೇ ಮತ್ತೆ ಡೆಬ್ ಫೈಲ್ ಮಾಡಿ ಕೊಡುತ್ತದೆ.

ಪೂರ್ತಿ ಪಟ್ಟಿ ಎಲ್ಲಿಂದ ತರುವುದು? ಲಿಬ್ರೆಆಫೀಸ್ ಅಂದರೆ ಒಂದು ಪ್ಯಾಕೇಜ್ ಅಲ್ಲ, ಒಂದೇ ಮೂಲ ಪ್ಯಾಕೇಜ್‌ನಿಂದ ಹುಟ್ಟಿದ ದೊಡ್ಡ ಸಂಸಾರ. ಡಿಪಿಕೆಜಿ-ಕ್ವೆರಿಗೆ ಪ್ರತಿ ಪ್ಯಾಕೇಜ್‌ನ ಮೂಲದ ಹೆಸರನ್ನೂ ಜೊತೆಗೆ ತೋರಿಸು ಅಂತ ಕೇಳಬಹುದು, ಅದಕ್ಕೆ ಸೋರ್ಸ್:ಪ್ಯಾಕೇಜ್ ಅನ್ನುವ ಫೀಲ್ಡ್ ಇದೆ. ಬಂದದ್ದನ್ನು ಗ್ರೆಪ್‌ನಿಂದ ಸೋಸಿದೆ. ಮೂವತ್ತಕ್ಕೂ ಜಾಸ್ತಿ ಹೆಸರು ಬಂದವು. ಲಿಬ್ರೆಆಫೀಸ್ ಅಂತ ಶುರುವಾಗದ ಹೆಸರುಗಳೂ ಇದ್ದವು: ಯುಆರ್‌ಇ, ಯುನೊ-ಲಿಬ್ಸ್-ಪ್ರೈವೇಟ್, ಪೈಥಾನ್3-ಯುನೊ, ಫಾಂಟ್ಸ್-ಓಪನ್‌ಸಿಂಬಲ್. ಹೆಸರು ನೋಡಿ ಊಹೆಯ ಮೇಲೆ ಪಟ್ಟಿ ಮಾಡಿದ್ದರೆ ಇವು ತಪ್ಪಿಹೋಗುತ್ತಿದ್ದವು.

ಹಳೆ ಆವೃತ್ತಿ ಸಿಗುತ್ತದಾ ಅಂತ ಆಪ್ಟ್ ಪಾಲಿಸಿ ಲಿಬ್ರೆಆಫೀಸ್-ರೈಟರ್ ಅಂತ ಕೊಟ್ಟು ನೋಡಿದೆ. ಡೆಬಿಯನ್ 12ರ ಮುಖ್ಯ ರೆಪೊದಲ್ಲೇ ಇತ್ತು. ಎಲ್ಲೂ ಸಿಗದ ಆವೃತ್ತಿ ಬೇಕಾದವರಿಗೆ ಸ್ನ್ಯಾಪ್‌ಶಾಟ್.ಡೆಬಿಯನ್.ಆರ್ಗ್ ಇದೆ. 2005ರಿಂದ ಈಚೆಗಿನ ಪ್ಯಾಕೇಜ್‌ಗಳನ್ನು ದಿನಾಂಕದ ಪ್ರಕಾರ ಇಟ್ಟಿದ್ದಾರೆ. ಅದನ್ನು ಸೋರ್ಸಸ್ ಪಟ್ಟಿಗೆ ಸೇರಿಸುವಾಗ ಚೆಕ್-ವ್ಯಾಲಿಡ್-ಅಂಟಿಲ್=ನೋ ಹಾಕಬೇಕು. ಇಲ್ಲದಿದ್ದರೆ ಅವಧಿ ಮುಗಿದಿದೆ ಅಂತ ಆಪ್ಟ್ ಒಪ್ಪುವುದಿಲ್ಲ.

ಈ ಹಂತದ ಖರ್ಚು: ಡೆಬ್ ಫೈಲ್‌ಗಳನ್ನು ಬೇರೆ ಇಡಲು 64 ಜಿಬಿ ಪೆನ್‌ಡ್ರೈವ್, 450 ರೂಪಾಯಿ. ಇಡೀ ಕೆಲಸದಲ್ಲಿ ಕೈಯಿಂದ ಬಿಟ್ಟ ದುಡ್ಡು ಇದೊಂದೇ.

3. ನಡೆಯದ ದಾರಿಗಳು

ಮೊದಲು ಎಲ್ಲರಿಗೂ ಹೊಳೆಯುವುದು ಒಂದೇ ಪ್ಯಾಕೇಜ್‌ಗೆ ಆವೃತ್ತಿ ಹೇಳಿ ಹಾಕುವುದು:

ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್ ಲಿಬ್ರೆಆಫೀಸ್-ರೈಟರ್=4:7.4.7-1+ಡೆಬ್12ಯು8

-ಎಸ್ ಅಂದರೆ ನಾಟಕ ಮಾತ್ರ. ಏನಾಗುತ್ತದೆ ಅಂತ ತೋರಿಸುತ್ತದೆ, ಮಾಡುವುದಿಲ್ಲ, ರೂಟ್ ಅನುಮತಿಯೂ ಬೇಡ. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಿದ್ದರೆ ಈ -ಎಸ್ ಇಟ್ಟುಕೊಳ್ಳಿ. ಇನ್ನೊಂದು, ಮುಂದಿರುವ 4: ಅನ್ನುವುದನ್ನು ಬಿಡುವ ಹಾಗಿಲ್ಲ. ಅದು ಎಪಾಕ್, ಆವೃತ್ತಿಯ ಭಾಗವೇ. ಬಿಟ್ಟರೆ ಅಂಥ ಆವೃತ್ತಿ ಇಲ್ಲ ಅನ್ನುತ್ತದೆ.

ಉತ್ತರ ಬಂತು: ರೈಟರ್‌ಗೆ ಅದೇ 7.4.7ರ ಕೋರ್ ಬೇಕು, ಆದರೆ ಹಾಕಲು ಹೊರಟಿರುವುದು 24.8ರ ಕೋರ್. ಡಿಪೆಂಡೆನ್ಸಿ (ಜೊತೆಗೆ ಬೇಕಾದ ಪ್ಯಾಕೇಜ್) ಕೂಡಿಬರುತ್ತಿಲ್ಲ. ರೈಟರ್, ಕ್ಯಾಲ್ಕ್, ಇಂಪ್ರೆಸ್ ಎಲ್ಲವೂ ಕೋರ್‌ನ ಅದೇ ಆವೃತ್ತಿಯನ್ನೇ ಕೇಳುತ್ತವೆ. ಒಂದನ್ನು ಇಳಿಸಿದರೆ ಎಲ್ಲವನ್ನೂ ಇಳಿಸಬೇಕು. ನಾವು ಹೆಸರು ಹೇಳದ ಪ್ಯಾಕೇಜನ್ನು ಆಪ್ಟ್ ತಾನಾಗಿ ಇಳಿಸುವುದಿಲ್ಲ.

ಮುಂದಿನದು -ಟಿ ಬುಕ್‌ವರ್ಮ್ ಅಂತ ಕೊಟ್ಟು ನೋಡುವುದು. ಬುಕ್‌ವರ್ಮ್ ಅಂದರೆ ಡೆಬಿಯನ್ 12ರ ಹೆಸರು. ಏನೂ ಆಗಲಿಲ್ಲ. "ಇರುವುದೇ ಹೊಸದು" ಅಂತ ಹೇಳಿ ಮುಗಿಸಿತು. -ಟಿ ಕೊಟ್ಟರೆ ಆ ರಿಲೀಸ್‌ಗೆ ಆಪ್ಟ್‌ನ ಆದ್ಯತೆಯ ಲೆಕ್ಕದಲ್ಲಿ 990 ಅಂಕ ಸಿಗುತ್ತದೆ. ಆದರೆ ಈಗ ಇರುವುದಕ್ಕಿಂತ ಹಳೆಯದನ್ನು ಹಾಕಬೇಕಾದರೆ 1000 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಈ ಗಡಿ ಇರುವುದು ಒಳ್ಳೆಯದಕ್ಕೇ. ಇಲ್ಲದಿದ್ದರೆ ಗೊತ್ತಿಲ್ಲದೆ ಎಷ್ಟೋ ಜನರ ಸಿಸ್ಟಮ್ ಹಿಂದಕ್ಕೆ ಹೋಗಿಬಿಡುತ್ತಿತ್ತು.

ಪೂರ್ತಿ ತೆಗೆದು ಮತ್ತೆ ಹಾಕಿದರೆ ಹೇಗೆ ಅಂತ ಅದನ್ನೂ -ಎಸ್‌ನಲ್ಲಿ ನೋಡಿದೆ. ತೆಗೆಯುವ ಪಟ್ಟಿಯಲ್ಲಿ ಗ್ನೋಮ್ ಅನ್ನುವ ಹೆಸರು ಕಂಡಿತು. ಅಲ್ಲಿಗೆ ನಿಲ್ಲಿಸಿದೆ. ಗ್ನೋಮ್ ಅನ್ನುವುದು ಮೆಟಾಪ್ಯಾಕೇಜ್. ಅದರೊಳಗೆ ಪ್ರೋಗ್ರಾಂ ಏನೂ ಇಲ್ಲ, ಬೇಕಾದವುಗಳ ಪಟ್ಟಿ ಮಾತ್ರ. ರೈಟರ್, ಕ್ಯಾಲ್ಕ್ ಆ ಪಟ್ಟಿಯಲ್ಲಿವೆ. ಅವನ್ನು ತೆಗೆದರೆ ಗ್ನೋಮ್ ಹೋಗುತ್ತದೆ, ಆಗ ಡೆಸ್ಕ್‌ಟಾಪ್‌ನ ಅರ್ಧಕ್ಕರ್ಧ ಪ್ಯಾಕೇಜ್‌ಗಳು "ಯಾರಿಗೂ ಬೇಡದವು" ಅನ್ನಿಸಿಕೊಳ್ಳುತ್ತವೆ. ಇನ್ನೊಂದು ದಿನ ಯಾರಾದರೂ ಜಾಗ ಉಳಿಸೋಣ ಅಂತ ಆಟೊರಿಮೂವ್ ಕೊಟ್ಟರೆ ಡೆಸ್ಕ್‌ಟಾಪೇ ಹೋಗುತ್ತದೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ಇಂಥದ್ದನ್ನು ಬಿಟ್ಟುಬರಬಾರದು.

ಡಿಪಿಕೆಜಿ -ಐ ಬಳಸಿ ಹಳೆ ಡೆಬ್ ಫೈಲ್‌ಗಳನ್ನು ನೇರವಾಗಿ ಹಾಕುವ ದಾರಿಯೂ ಇದೆ. ಡಿಪಿಕೆಜಿ ಒಂದು ಎಚ್ಚರಿಕೆಯ ಸಾಲು ಬರೆದು ಇಳಿಸಿಯೇ ಬಿಡುತ್ತದೆ, ಕೇಳುವುದಿಲ್ಲ. ಆದರೆ ಡಿಪೆಂಡೆನ್ಸಿ ಹುಡುಕಿ ತರುವ ಕೆಲಸ ಅದರದ್ದಲ್ಲ. ಮೂವತ್ತು ಚಿಲ್ಲರೆ ಪ್ಯಾಕೇಜ್‌ನಲ್ಲಿ ಒಂದು ಬಿಟ್ಟುಹೋದರೂ ಅರ್ಧ ಕಾನ್ಫಿಗರ್ ಆಗಿ ನಿಲ್ಲುತ್ತದೆ. ಒಂಟಿ ಪ್ಯಾಕೇಜ್‌ಗಾದರೆ ಸರಿ, ಇಲ್ಲಿಗೆ ಬೇಡ ಅಂತ ಬಿಟ್ಟೆ.

4. ಪಿನ್ ಹಾಕುವುದು

/ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ ಫೋಲ್ಡರ್‌ನಲ್ಲಿ ಲಿಬ್ರೆಆಫೀಸ್ ಅಂತ ಒಂದು ಫೈಲ್ ಮಾಡಿದೆ. ಈ ಫೈಲ್ ಹೆಸರಿಗೆ ಎಕ್ಸ್‌ಟೆನ್ಷನ್ ಇರಬಾರದು, ಇದ್ದರೆ .ಪ್ರೆಫ್ ಮಾತ್ರ ಇರಬಹುದು. .ಟಿಎಕ್ಸ್‌ಟಿ ಅಂತ ಉಳಿಸಿದರೆ ಆಪ್ಟ್ ಅದನ್ನು ಓದುವುದೇ ಇಲ್ಲ.

ಮೊದಲು ಆವೃತ್ತಿಯ ಮೇಲೆ ಪಿನ್ ಹಾಕಿ ನೋಡಿದೆ: ಪಿನ್: ವರ್ಷನ್ 4:7.4.7* ಅಂತ. ಹೆಚ್ಚಿನವು ಸರಿ ಬಂದವು. ಆದರೆ ಫಾಂಟ್ಸ್-ಓಪನ್‌ಸಿಂಬಲ್ 24.8ರದ್ದೇ ಉಳಿಯಿತು. ಆ ಪ್ಯಾಕೇಜ್‌ನ ಆವೃತ್ತಿ 4:102.12 ಅಂತ ಶುರುವಾಗುತ್ತದೆ, ಲಿಬ್ರೆಆಫೀಸ್‌ನ ಅಂಕಿ ಅದರ ಬಾಲದಲ್ಲಿ ಬರುತ್ತದೆ. ಒಂದೇ ಮನೆಯದಾದರೂ ಅಂಕಿ ಬೇರೆ. ಹಾಗಾಗಿ ಆವೃತ್ತಿ ಬಿಟ್ಟು ಮೂಲ ಪ್ಯಾಕೇಜ್ ಹೆಸರಿನ ಮೇಲೆ ಹಾಕಿದೆ. ಈಚಿನ ಆಪ್ಟ್‌ನಲ್ಲಿ ಎಸ್‌ಆರ್‌ಸಿ: ಅಂತ ಬರೆದರೆ ಆ ಮೂಲದಿಂದ ಹುಟ್ಟಿದ ಎಲ್ಲ ಪ್ಯಾಕೇಜ್‌ಗಳಿಗೂ ಅನ್ವಯಿಸುತ್ತದೆ:

ಎಕ್ಸ್‌ಪ್ಲನೇಷನ್: ಸ್ಮರಣ ಸಂಚಿಕೆಗಾಗಿ 7.4. ಡೆಬಿಯನ್ 13ಕ್ಕೆ ಹೋಗುವಾಗ ಈ ಫೈಲ್ ಅಳಿಸಿ
ಪ್ಯಾಕೇಜ್: ಎಸ್‌ಆರ್‌ಸಿ:ಲಿಬ್ರೆಆಫೀಸ್
ಪಿನ್: ರಿಲೀಸ್ ಎನ್=ಬುಕ್‌ವರ್ಮ್
ಪಿನ್-ಪ್ರಯಾರಿಟಿ: 1001

ಎಕ್ಸ್‌ಪ್ಲನೇಷನ್ ಸಾಲನ್ನು ಆಪ್ಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ನಮಗಾಗಿ. ಆರು ತಿಂಗಳಾದ ಮೇಲೆ ಇನ್ಯಾರೋ ಈ ಫೈಲ್ ನೋಡಿ ತಲೆ ಕೆಡಿಸಿಕೊಳ್ಳಬಾರದು ಅಂತ ಬರೆಯುವುದು.

ಆಪ್ಟ್ ಅಪ್‌ಡೇಟ್ ಮಾಡಿ ಪಾಲಿಸಿ ನೋಡಿದೆ. ಕ್ಯಾಂಡಿಡೇಟ್ (ಹಾಕಲು ಆರಿಸಿದ ಆವೃತ್ತಿ) ಅಂತ 7.4.7 ತೋರಿಸಿತು. ನೋಡಿದ ಕೂಡಲೇ ಸರಿ ಅನ್ನಿಸುತ್ತದೆ. ಆದರೆ ಕೆಳಗಿನ ಪಟ್ಟಿಯಲ್ಲಿ ಸೆಕ್ಯುರಿಟಿ ರೆಪೊದ 7.4.7 ಬೇರೆ ಸಾಲಾಗಿ ಇತ್ತು, ಅದರ ಕೊನೆಯ ಅಂಕಿ ದೊಡ್ಡದು. ಪಿನ್ ಇದ್ದದ್ದು ಬುಕ್‌ವರ್ಮ್‌ಗೆ ಮಾತ್ರ. ಸೆಕ್ಯುರಿಟಿ ರೆಪೊದ ಹೆಸರು ಬುಕ್‌ವರ್ಮ್-ಸೆಕ್ಯುರಿಟಿ, ಅದಕ್ಕೆ ಎಂದಿನ 500. 1001ರ ಎದುರಿಗೆ 500 ಸೋಲುತ್ತದೆ. ಹೀಗೇ ಬಿಟ್ಟಿದ್ದರೆ ಭದ್ರತೆಯ ತೇಪೆ ಹಾಕದ ಹಳೆಯ 7.4.7 ಕೂರುತ್ತಿತ್ತು, ಮುಂದೆಯೂ ತೇಪೆ ಬರುತ್ತಿರಲಿಲ್ಲ. ಯಾರ್‍ಯಾರೋ ತಂದುಕೊಡುವ ಫೈಲ್‌ಗಳನ್ನು ದಿನವಿಡೀ ತೆರೆಯುವ ಅಂಗಡಿ ಅದು. ಅಲ್ಲಿ ಇದು ಸಣ್ಣ ವಿಷಯ ಅಲ್ಲ.

ಒಂದು ಖಾಲಿ ಸಾಲು ಬಿಟ್ಟು ಅದೇ ತುಂಡನ್ನು ಮತ್ತೆ ಬರೆದೆ, ಈ ಸಲ ಎನ್=ಬುಕ್‌ವರ್ಮ್-ಸೆಕ್ಯುರಿಟಿ. ಎರಡಕ್ಕೂ 1001 ಇದ್ದಾಗ ಅವೆರಡರಲ್ಲಿ ಹೊಸದನ್ನು ಆಪ್ಟ್ ಆರಿಸುತ್ತದೆ. ಪಾಲಿಸಿಯಲ್ಲಿ ಈಗ ಸೆಕ್ಯುರಿಟಿಯದ್ದೇ ಕ್ಯಾಂಡಿಡೇಟ್.

ಆಪ್ಟ್-ಮಾರ್ಕ್ ಹೋಲ್ಡ್ ಯಾಕೆ ಬಳಸಲಿಲ್ಲ ಅಂತ ಕೇಳಬಹುದು. ಹೋಲ್ಡ್ ಅಂದರೆ ಇದ್ದಲ್ಲೇ ನಿಲ್ಲಿಸುವುದು, ಭದ್ರತೆಯ ಅಪ್‌ಡೇಟ್ ಕೂಡ ನಿಲ್ಲುತ್ತದೆ. ಎರಡು ದಿನದ ಮಟ್ಟಿಗೆ ಸರಿ. ತಿಂಗಳುಗಟ್ಟಲೆ ಇರುವುದಕ್ಕೆ ಪಿನ್ ಒಳ್ಳೆಯದು.

5. ಪಟ್ಟಿ ಓದುವುದು

ಆಪ್ಟ್-ಗೆಟ್ -ಎಸ್ ಡಿಸ್ಟ್-ಅಪ್‌ಗ್ರೇಡ್

ಬಂದ ಉತ್ತರವನ್ನು ಮೂರು ಭಾಗ ಮಾಡಿ ಓದಿದೆ. ಇಳಿಯುವವುಗಳ ಪಟ್ಟಿಯಲ್ಲಿ ಲಿಬ್ರೆಆಫೀಸ್ ಸಂಸಾರ ಬಿಟ್ಟು ಬೇರೆ ಯಾವ ಹೆಸರೂ ಇರಬಾರದು. ಇರಲಿಲ್ಲ. ಏರುವವುಗಳ ಪಟ್ಟಿ ಖಾಲಿ ಇರಬೇಕು. ಅದಕ್ಕಾಗಿಯೇ ಇದಕ್ಕೆ ಮೊದಲು ಮಾಮೂಲಿ ಅಪ್‌ಡೇಟ್‌ಗಳನ್ನು ಮುಗಿಸಿ, ಒಂದು ಸಲ ರೀಸ್ಟಾರ್ಟ್ ಮಾಡಿ, ಎಲ್ಲ ಸರಿ ಇದೆ ಅಂತ ನೋಡಿಕೊಂಡಿದ್ದೆ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಏನಾದರೂ ಕೆಟ್ಟಾಗ ಯಾವುದರಿಂದ ಅಂತ ಹುಡುಕುವುದು ಕಷ್ಟ.

ಮೂರನೆಯದು ತೆಗೆಯುವವುಗಳ ಪಟ್ಟಿ. ಇಲ್ಲಿ ಕೆಲವು ಹೆಸರಿದ್ದವು: ಲಿಬ್ರೆಆಫೀಸ್-ಯುಐಕಾನ್ಫಿಗ್ ಅಂತ ಶುರುವಾಗುವವು. ಹೊಸ ಆವೃತ್ತಿಯಲ್ಲಿ ಮೆನು, ಟೂಲ್‌ಬಾರ್‌ಗಳ ಫೈಲ್‌ಗಳನ್ನು ಬೇರೆ ಪ್ಯಾಕೇಜ್ ಮಾಡಿದ್ದಾರೆ. 7.4ರಲ್ಲಿ ಹಾಗೆ ಬೇರೆ ಇಲ್ಲ. ಆದ್ದರಿಂದ ಇವು ಹೋಗಲೇಬೇಕು. ಗ್ನೋಮ್ ಈ ಪಟ್ಟಿಯಲ್ಲಿ ಇರಲಿಲ್ಲ, ನನಗೆ ಬೇಕಿದ್ದದ್ದು ಅದೇ.

ಪ್ಯಾಕೇಜ್ ಒಡೆದು ಎರಡಾಗಿರುವ ಕಡೆ ಒಂದು ಅಪಾಯ ಇದೆ, ಹೇಳಿಬಿಡುತ್ತೇನೆ. ಹಳೆ ಪ್ಯಾಕೇಜ್‌ನಲ್ಲಿದ್ದ ಫೈಲ್ ಈಗ ಬೇರೆ ಪ್ಯಾಕೇಜ್‌ನ ಹೆಸರಿನಲ್ಲಿ ಇರುತ್ತದೆ. ಹಳೆಯದನ್ನು ವಾಪಸ್ ಹಾಕುವಾಗ ಆ ಹೊಸದು ಇನ್ನೂ ಹೋಗಿರದಿದ್ದರೆ, ಇನ್ನೊಂದು ಪ್ಯಾಕೇಜ್‌ನ ಫೈಲ್ ಮೇಲೆ ಬರೆಯಲು ಹೊರಟಿದೆ ಅಂತ ಡಿಪಿಕೆಜಿ ನಿಲ್ಲಿಸುತ್ತದೆ. ಆಗ ಫೋರ್ಸ್-ಓವರ್‌ರೈಟ್ ಹಾಕಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅದಕ್ಕೆ ಕೈ ಹಾಕದೆ, ಆ ಹೊಸ ಪ್ಯಾಕೇಜನ್ನು ಮೊದಲು ತೆಗೆದು ಮುಂದುವರಿಯುವುದು ಸರಿಯಾದ ಕ್ರಮ.

6. ಇಳಿಸುವುದು

ಅಂಗಡಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನದ್ದು. ಹಾಗಾಗಿ ಮೊದಲು --ಡೌನ್‌ಲೋಡ್-ಓನ್ಲಿ ಕೊಟ್ಟು ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಂಡೆ, ಹೆಚ್ಚುಕಡಿಮೆ ನೂರು ಎಂಬಿ. ಯುಪಿಎಸ್ ಬ್ಯಾಟರಿ ನೋಡಿಕೊಂಡೆ. ತೆರೆದಿದ್ದ ಲಿಬ್ರೆಆಫೀಸ್ ಕಿಟಕಿಗಳನ್ನೆಲ್ಲ ಮುಚ್ಚಿ, ಸಾಫೀಸ್.ಬಿನ್ ಹಿಂದೆಲ್ಲೂ ಓಡುತ್ತಿಲ್ಲ ಅಂತ ಪಿಜಿರೆಪ್‌ನಿಂದ ಖಾತ್ರಿ ಮಾಡಿಕೊಂಡೆ. ಆಮೇಲೆ:

ಸುಡೊ ಆಪ್ಟ್-ಗೆಟ್ ಡಿಸ್ಟ್-ಅಪ್‌ಗ್ರೇಡ್

-ವೈ ಹಾಕಬೇಡಿ. ಹಾಕಿದರೂ --ಅಲೋ-ಡೌನ್‌ಗ್ರೇಡ್ಸ್ ಇಲ್ಲದೆ ಆಪ್ಟ್ ಒಪ್ಪುವುದಿಲ್ಲ. ಪಟ್ಟಿಯನ್ನು ಇನ್ನೊಂದು ಸಲ ಕಣ್ಣಾರೆ ನೋಡಿ ವೈ ಒತ್ತುವುದು ಕ್ಷೇಮ. ನಾಟಕದಲ್ಲಿ ನೋಡಿದ್ದಕ್ಕೂ ಇದಕ್ಕೂ ಒಂದು ಹೆಸರು ವ್ಯತ್ಯಾಸ ಇದ್ದರೂ ಎನ್ ಒತ್ತಿ ಹೊರಗೆ ಬನ್ನಿ.

ಕೆಲಸ ಕೆಲವೇ ನಿಮಿಷ. ಮುಗಿದ ಮೇಲೆ ಡಿಪಿಕೆಜಿ --ಆಡಿಟ್ ಮತ್ತು ಆಪ್ಟ್-ಗೆಟ್ ಚೆಕ್. ಆಡಿಟ್ ಏನೂ ಹೇಳದೆ ಸುಮ್ನೆ ಮರಳಿದರೆ ಅರ್ಧ ಕಾನ್ಫಿಗರ್ ಆಗಿರುವುದು ಯಾವುದೂ ಇಲ್ಲ ಅಂತ ಅರ್ಥ.

7. ಪ್ರೊಫೈಲ್ ಮತ್ತು ಫೈಲ್

ಪ್ಯಾಕೇಜ್ ಇಳಿಯಿತು ಅಂದರೆ ಕೆಲಸ ಮುಗಿಯಿತು ಅಂತ ಅಲ್ಲ. ಹೋಮ್ ಫೋಲ್ಡರ್‌ನಲ್ಲಿರುವ ಸೆಟ್ಟಿಂಗ್‌ಗಳನ್ನು ಆಪ್ಟ್ ಮುಟ್ಟುವುದಿಲ್ಲ. ಲಿಬ್ರೆಆಫೀಸ್‌ನ ಪ್ರೊಫೈಲ್ ಇರುವುದು .ಕಾನ್ಫಿಗ್/ಲಿಬ್ರೆಆಫೀಸ್/4 ಫೋಲ್ಡರ್‌ನಲ್ಲಿ. 7.4 ಆಗಲಿ 24.8 ಆಗಲಿ ಆ ಫೋಲ್ಡರ್ ಹೆಸರು 4 ಅಂತಲೇ. ಅಂದರೆ 24.8 ಬರೆದಿಟ್ಟ ಸೆಟ್ಟಿಂಗನ್ನೇ 7.4 ಓದಲು ಹೋಗುತ್ತದೆ. ತೆರೆದು ನೋಡಿದಾಗ ಟೂಲ್‌ಬಾರ್‌ಗಳು ಎಲ್ಲೆಲ್ಲೋ ಇದ್ದವು.

ಆ ಫೋಲ್ಡರ್‌ಗೆ 4-ಹೊಸದು ಅಂತ ಹೆಸರು ಬದಲಿಸಿ ಮತ್ತೆ ತೆರೆದೆ. ಹೊಸ ಪ್ರೊಫೈಲ್ ತಾನಾಗೇ ಆಯಿತು. ಅಳಿಸಬೇಡಿ, ಹೆಸರು ಬದಲಿಸಿ ಸಾಕು. ಯಾಕೆಂದರೆ ಅಕ್ಕ ವರ್ಷಗಳಿಂದ ಸೇರಿಸಿಕೊಂಡು ಬಂದ ಪದಗಳೆಲ್ಲ ಅದರೊಳಗೇ ಇವೆ. ಯೂಸರ್/ವರ್ಡ್‌ಬುಕ್ ಒಳಗಿನ ಸ್ಟ್ಯಾಂಡರ್ಡ್.ಡಿಐಸಿ ಫೈಲ್ ತೆರೆದರೆ ಸುತ್ತಮುತ್ತಲ ಹಳ್ಳಿಗಳ ಹೆಸರು, ಮನೆತನದ ಹೆಸರು, ದೇವರ ಹೆಸರು, ಸಾಲಾಗಿ ಒಂದರ ಕೆಳಗೊಂದು. ಲಗ್ನಪತ್ರಿಕೆಯಲ್ಲಿ ಇವುಗಳ ಕೆಳಗೆ ಕೆಂಪು ಗೆರೆ ಬರಬಾರದು ಅಂತ ಒಂದೊಂದಾಗಿ ಸೇರಿಸಿದ್ದು. ಆ ಫೈಲನ್ನೂ, ಯೂಸರ್/ಆಟೊಕಾರ್ ಒಳಗಿದ್ದ ಆಟೊಕರೆಕ್ಟ್ ಫೈಲನ್ನೂ ಹೊಸ ಪ್ರೊಫೈಲ್‌ಗೆ ನಕಲು ಮಾಡಿದೆ. ಬೇರೇನನ್ನೂ ತರಲಿಲ್ಲ.

ಈಗ ಪುಟ ಎಣಿಕೆ. ಪಿಡಿಎಫ್‌ಇನ್ಫೊ 97 ಅಂತು. ಲ್ಯಾಪ್‌ಟಾಪ್‌ಗೆ ಒಯ್ದಿದ್ದ ಪ್ರತಿ ತೆರೆದರೆ 96. ಅಂದರೆ ಪ್ರೋಗ್ರಾಂ ಸರಿ ಇದೆ, ಫೈಲ್ ಬೇರೆ ಆಗಿದೆ. "ನಾನೇ ಅಲ್ಲಿ ಇಲ್ಲಿ ಪೇಜ್ ಬ್ರೇಕ್ ಹಾಕಿ ಕೂರಿಸೋಕೆ ನೋಡಿದ್ದೆ ಕಣೋ" ಅಂದರು ಅಕ್ಕ. 24.8ರಲ್ಲಿ ಸರಿಹೊಂದಲಿ ಅಂತ ಮಾಡಿದ ಆ ಬದಲಾವಣೆಗಳು ಈಗ 7.4ರಲ್ಲಿ ಪುಟ ತಳ್ಳುತ್ತಿವೆ. ಅವನ್ನು ಒಂದೊಂದಾಗಿ ಹುಡುಕಿ ತೆಗೆಯುವುದಕ್ಕಿಂತ ಸಹಿಯಾದ ಪ್ರತಿಯಿಂದಲೇ ಶುರು ಮಾಡುವುದು ಮೇಲು ಅಂದೆ. ಪ್ರೂಫ್ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಗುರುತಿದ್ದ ತಿದ್ದುಪಡಿಗಳನ್ನು ಅಕ್ಕ ಮತ್ತೆ ಹಾಕಿದರು. 96. 41ನೇ ಪುಟದ ಆ ಉದ್ದದ ಪದ ಸಾಲಿನಲ್ಲೇ ಕೂತಿದೆ. ಪರಿವಿಡಿಯ ಪ್ರತಿ ಪುಟಸಂಖ್ಯೆಯನ್ನೂ ಪುಟಕ್ಕೆ ತಾಳೆ ನೋಡಿ ಪಿಡಿಎಫನ್ನು ಪ್ರೆಸ್‌ಗೆ ಕಳಿಸಿದೆವು.

8. ಇದೇ ಕ್ರಮ ಎಲ್ಲಿ ಬಳಸಬಾರದು

ಲಿಬ್ರೆಆಫೀಸ್ ಇಳಿಸುವುದು ಸುಲಭದ ಲೆಕ್ಕ. ಅದರ ಮೇಲೆ ಸಿಸ್ಟಮ್ ನಿಂತಿಲ್ಲ. ಬಹುಪಾಲು ಪ್ರೋಗ್ರಾಂಗಳಿಗೆ ಅಡಿಪಾಯವಾದ ಲಿಬ್‌ಸಿ6 ಲೈಬ್ರರಿ ಹಾಗಲ್ಲ. ಹೊಸ ಲಿಬ್‌ಸಿಯ ಮೇಲೆ ಕಟ್ಟಿದ ಪ್ರೋಗ್ರಾಂಗಳು ಹಳೆಯದರ ಮೇಲೆ ಓಡದೇ ಹೋಗಬಹುದು, ಆಪ್ಟ್ ಕೂಡ ಅವುಗಳಲ್ಲಿ ಒಂದು. ರಿಪೇರಿ ಮಾಡುವ ಉಪಕರಣವೇ ಕೈಕೊಟ್ಟರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕಾಗುತ್ತದೆ.

ಡೇಟಾಬೇಸ್‌ಗಳಲ್ಲಿ ಪ್ಯಾಕೇಜ್ ಇಳಿದರೂ ಡೇಟಾ ಇಳಿಯುವುದಿಲ್ಲ. ಪೋಸ್ಟ್‌ಗ್ರೆಸ್‌ನ ಹೊಸ ಮೇಜರ್ ಆವೃತ್ತಿಯ ಡೇಟಾ ಫೋಲ್ಡರನ್ನು ಹಳೆಯದು ತೆರೆಯುವುದೇ ಇಲ್ಲ. ಮೊದಲು ಡಂಪ್ ತೆಗೆದಿಟ್ಟಿರಬೇಕು. ಫೈರ್‌ಫಾಕ್ಸ್ 2019ರ 67ನೇ ಆವೃತ್ತಿಯಿಂದ ಈಚೆಗೆ, ಹೊಸದರಲ್ಲಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ ತಡೆದು ಹೊಸ ಪ್ರೊಫೈಲ್ ಮಾಡಿಕೊಳ್ಳಲು ಹೇಳುತ್ತದೆ. ಲಿಬ್ರೆಆಫೀಸ್‌ನಲ್ಲಿ ನಾನು ಕೈಯಲ್ಲಿ ಮಾಡಿದ್ದನ್ನೇ ಅದು ತಾನಾಗಿ ಮಾಡಿಸುತ್ತದೆ.

ಕರ್ನೆಲ್‌ಗೆ ಡೌನ್‌ಗ್ರೇಡ್ ಬೇಕಿಲ್ಲ. ಹಿಂದಿನದು ಸಿಸ್ಟಮ್‌ನಲ್ಲೇ ಇರುತ್ತದೆ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್‌ನ ಅಡ್ವಾನ್ಸ್‌ಡ್ ಮೆನುವಿನಿಂದ ಅದನ್ನು ಆರಿಸಿದರೆ ಆಯಿತು. 2023ರ ಡಿಸೆಂಬರ್‌ನಲ್ಲಿ ಡೆಬಿಯನ್‌ನ 6.1.64-1 ಕರ್ನೆಲ್‌ನಲ್ಲಿ ಇಎಕ್ಸ್‌ಟಿ4 ಡೇಟಾ ಕೆಡುವ ದೋಷ ಸಿಕ್ಕಾಗ 12.3ರ ಬಿಡುಗಡೆಯನ್ನು ತಡೆದು, ಸರಿಪಡಿಸಿದ ಕರ್ನೆಲ್ ಜೊತೆ 12.4 ಬಿಟ್ಟರು. ಅಂಥ ಹೊತ್ತಿನಲ್ಲಿ ಗ್ರಬ್‌ನಲ್ಲಿ ಹಳೆ ಕರ್ನೆಲ್ ಇರುವುದು ದೊಡ್ಡ ಆಸರೆ. ಆಟೊರಿಮೂವ್ ಕೊಡುವಾಗ ಹಳೆ ಕರ್ನೆಲ್ ಪೂರ್ತಿ ಖಾಲಿ ಆಗದ ಹಾಗೆ ನೋಡಿಕೊಳ್ಳಿ.

ಡೆಬಿಯನ್‌ನವರೇ ಹಿಂದಕ್ಕೆ ಹೋಗಬೇಕಾಗಿ ಬಂದಾಗ ಏನು ಮಾಡುತ್ತಾರೆ ಅನ್ನುವುದು ನೋಡುವಂಥದ್ದು. 2024ರ ಮಾರ್ಚ್ ಕೊನೆಗೆ ಫೈಲ್ ಕುಗ್ಗಿಸುವ ಎಕ್ಸ್‌ಜಡ್ ಉಪಕರಣದ 5.6.0 ಮತ್ತು 5.6.1ರಲ್ಲಿ ಯಾರೋ ಬೇಕಂತಲೇ ಇಟ್ಟ ಹಿಂಬಾಗಿಲನ್ನು ಆಂಡ್ರೆಸ್ ಫ್ರೋಯಿಂಡ್ ಪತ್ತೆ ಮಾಡಿದರು. ಡೆಬಿಯನ್‌ನ ಇನ್ನೂ ತಯಾರಾಗುತ್ತಿರುವ ಅನ್‌ಸ್ಟೇಬಲ್‌ನಲ್ಲಿದ್ದವರನ್ನೆಲ್ಲ ತಕ್ಷಣ ಹಳೆ ಕೋಡ್‌ಗೆ ತರಬೇಕಿತ್ತು. ಅವರು ಬಿಟ್ಟ ಪ್ಯಾಕೇಜ್‌ನ ಆವೃತ್ತಿ 5.6.1+ರಿಯಲಿ5.4.5-1. ಒಳಗಿದ್ದದ್ದು 5.4.5ರ ಕೋಡ್, ಆದರೆ ಆಪ್ಟ್‌ನ ಲೆಕ್ಕದಲ್ಲಿ ಅಂಕಿ 5.6.1ಕ್ಕಿಂತ ದೊಡ್ಡದು. ಹಾಗಾಗಿ ಯಾರೂ ಪಿನ್ ಹಾಕಬೇಕಾಗಲಿಲ್ಲ, ಮಾಮೂಲಿ ಅಪ್‌ಗ್ರೇಡ್‌ನಲ್ಲೇ ಎಲ್ಲರೂ ಹಿಂದಕ್ಕೆ ಬಂದರು. ಸ್ಟೇಬಲ್‌ಗೆ ಆ ಆವೃತ್ತಿಗಳು ಬಂದೇ ಇರಲಿಲ್ಲ.

ಬೇರೆ ಡಿಸ್ಟ್ರೊ (ಬೇರೆ ಬಗೆಯ ಲಿನಕ್ಸ್) ಬಳಸುವವರಿಗೆ ಎರಡು ಮಾತು. ಫೆಡೋರದಲ್ಲಿ ಡಿಎನ್‌ಎಫ್ ಡೌನ್‌ಗ್ರೇಡ್ ಇದೆ, ಡಿಎನ್‌ಎಫ್ ಹಿಸ್ಟರಿ ಅಂಡೂ ಇದೆ. ಹಳೆ ಪ್ಯಾಕೇಜ್ ರೆಪೊದಲ್ಲಿ ಉಳಿದಿದ್ದರೆ ಮಾತ್ರ ಅವು ನಡೆಯುತ್ತವೆ. ಆರ್ಚ್‌ನಲ್ಲಿ /ವಾರ್/ಕ್ಯಾಷ್/ಪ್ಯಾಕ್‌ಮ್ಯಾನ್/ಪಿಕೆಜಿ ಒಳಗೆ ಹಳೆಯದು ಇದ್ದರೆ ಪ್ಯಾಕ್‌ಮ್ಯಾನ್ -ಯು ಕೊಟ್ಟು ಹಾಕಬಹುದು. ಅಲ್ಲಿ ಅರ್ಧ ಹೊಸದು ಅರ್ಧ ಹಳೆಯದು ಇಟ್ಟುಕೊಂಡು ಬಹಳ ದಿನ ನಡೆಸಲಾಗುವುದಿಲ್ಲ.

9. ಡಾಕ್ಸ್ ಗಿರಾಕಿಗೆ ಏನು ಮಾಡಿದ್ದು

ಹುಡುಗ 24.8 ಹಾಕಿದ್ದು ಒಂದು ಕಾರಣಕ್ಕೆ. 7.4ಕ್ಕೆ ಮರಳಿದರೆ ಆ ಗಿರಾಕಿಯ ಫೈಲ್ ಮತ್ತೆ ತೆರೆಯುವುದಿಲ್ಲ. ಅದಕ್ಕೆ ಫ್ಲ್ಯಾಟ್‌ಹಬ್‌ನಿಂದ ಲಿಬ್ರೆಆಫೀಸ್‌ನ ಫ್ಲ್ಯಾಟ್‌ಪ್ಯಾಕ್ ಹಾಕಿದೆ. ಅದು ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ತಂದುಕೊಳ್ಳುತ್ತದೆ, ಆಪ್ಟ್‌ನ ಪ್ಯಾಕೇಜ್‌ಗಳ ತಂಟೆಗೆ ಬರುವುದಿಲ್ಲ. ಪ್ರೊಫೈಲ್ ಕೂಡ .ವಾರ್/ಆಪ್ ಒಳಗೆ ಬೇರೆಯೇ ಇರುತ್ತದೆ, 7.4ರದ್ದಕ್ಕೆ ಮುಟ್ಟುವುದಿಲ್ಲ. ಸಿಸ್ಟಮ್‌ನಲ್ಲಿರುವ ಕನ್ನಡ ಫಾಂಟ್‌ಗಳು ಅದಕ್ಕೂ ಕಾಣುತ್ತವೆ. ಡಿಸ್ಕ್‌ನಲ್ಲಿ ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ, ಡೌನ್‌ಲೋಡ್ ಕೂಡ ದೊಡ್ಡದು, ಅದನ್ನು ನನ್ನ ಮನೆಯ ಬ್ರಾಡ್‌ಬ್ಯಾಂಡ್‌ಗೆ ಕಂಪ್ಯೂಟರ್ ತಂದು ಮಾಡಿದೆ.

ಮೆನುವಿನಲ್ಲಿ ಎರಡು ರೈಟರ್ ಒಂದೇ ಹೆಸರಿನಲ್ಲಿ ಕಂಡರೆ ಗೊಂದಲ ಆಗುತ್ತದೆ ಅಂತ ಡೆಸ್ಕ್‌ಟಾಪ್ ಫೈಲ್‌ಗಳನ್ನು .ಲೋಕಲ್/ಷೇರ್/ಅಪ್ಲಿಕೇಷನ್ಸ್‌ಗೆ ನಕಲು ಮಾಡಿ ಹೆಸರು ಬದಲಿಸಿದೆ. ಒಂದು "ರೈಟರ್ ಪುಸ್ತಕ 7.4", ಇನ್ನೊಂದು "ರೈಟರ್ ಗಿರಾಕಿ ಫೈಲ್". ಒಡಿಟಿ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೊದಲನೆಯದು, ಡಾಕ್ಸ್ ಮೇಲೆ ಮಾಡಿದರೆ ಎರಡನೆಯದು ತೆರೆಯುವ ಹಾಗೆ ಡೀಫಾಲ್ಟ್ ಇಟ್ಟೆ. ಬ್ಯಾಕ್‌ಪೋರ್ಟ್ಸ್ ಸಾಲನ್ನು ಸೋರ್ಸಸ್ ಪಟ್ಟಿಯಲ್ಲಿ ಹಾಗೇ ಬಿಟ್ಟಿದ್ದೇನೆ. ಅದಕ್ಕೆ ಇರುವುದು 100 ಅಂಕ, ನಾವಾಗಿ ಕರೆಯದೆ ಅದು ಹೊಸ ಪ್ಯಾಕೇಜ್ ತರುವುದಿಲ್ಲ. 24.8ರ ಡೆಬ್ ಫೈಲ್‌ಗಳಿರುವ ಪೆನ್‌ಡ್ರೈವ್ ಅಕ್ಕನ ಗಲ್ಲಾಪೆಟ್ಟಿಗೆಯಲ್ಲಿದೆ, ಮೇಲೆ ದಿನಾಂಕ ಬರೆದು ಅಂಟಿಸಿದ್ದೇನೆ.